ಹಗೇವಿಗೆ ಇಳಿಸಿದ ಗಾಳಿ

ನನ್ನ ಮದುವೆ ಗೊತ್ತಾದ ವರ್ಷ ನಮ್ಮ ಪಡಸಾಲೆಯಲ್ಲಿ, ಅಪ್ಪನ ರುಮಾಲಿನ ಪಕ್ಕದ ಗೂಟಕ್ಕೆ, ಒಂದು ಮುಖವಾಡ ನೇತಾಡುತ್ತಿತ್ತು. ಕರಿ ರಬ್ಬರಿನದು. ಕಣ್ಣಿಗೆ ಎರಡು ದುಂಡನೆಯ ಗಾಜು, ಬಾಯಿಯ ಜಾಗದಲ್ಲಿ ತಿರುಪಿ ಕೂರಿಸಿದ ಒಂದು ತಗಡಿನ ಡಬ್ಬಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಮಾರಿದ ಸಾಮಾನು ಎಲ್ಲೆಲ್ಲೋ ಸುತ್ತಿ ದಾವಣಗೆರೆಯ ಸಂತೆಗೂ ಬಂದಿತ್ತು. ಕಂಬಳಿ, ಬೂಟು, ನೀರಿನ ಬಾಟಲಿಗಳ ರಾಶಿಯಲ್ಲಿ ಅಪ್ಪನ ಕಣ್ಣಿಗೆ ಬಿದ್ದದ್ದು ಇದೊಂದೇ. ಕಂಬಳಿ ತಂದಿದ್ದರೆ ಹೊದೆಯಬಹುದಿತ್ತಲ್ಲ ಎಂದು ಅಜ್ಜಿ ವರ್ಷಗಟ್ಟಲೆ ಗೊಣಗಿದಳು.

ಆದರೆ ಅದು ದಂಡದ ಸಾಮಾನೇನೂ ಆಗಿರಲಿಲ್ಲ. ವರ್ಷದ ಖಾರ ಕುಟ್ಟುವ ದಿನ ನಮ್ಮ ಹಿತ್ತಲಲ್ಲಿ ಹೆಂಗಸರೆಲ್ಲ ಮೂಗು ಬಾಯಿಗೆ ಸೆರಗು ಸುತ್ತಿಕೊಂಡು, ಸೀನಿ ಸೀನಿ ಕಣ್ಣು ಕೆಂಪಗೆ ಮಾಡಿಕೊಳ್ಳುತ್ತಿದ್ದರು. ನಾನು ಆ ಮುಖವಾಡ ಹಾಕಿಕೊಂಡು ಒನಕೆ ಹಿಡಿಯುತ್ತಿದ್ದೆ. ಒಂದು ಸೀನೂ ಬರುತ್ತಿರಲಿಲ್ಲ. ಬೆವರು ಕುತ್ತಿಗೆಗೆ ಇಳಿಯುತ್ತಿತ್ತು, ಆದರೂ ನಾನೇ ಗೆದ್ದವಳಂತೆ ಮೆರೆಯುತ್ತಿದ್ದೆ. ಹೀಗಾಗಿ ಮನೆಯಲ್ಲಿ ಆ ಮುಖವಾಡದ ಪರವಾಗಿ ವಾದ ಮಾಡುವ ವಕೀಲೆ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಆದದ್ದಕ್ಕೆ ಅಪ್ಪನನ್ನೋ ಅಜ್ಜಿಯನ್ನೋ ದೂರಿ ನಾನು ಪಾರಾಗುವಂತಿಲ್ಲ.

ಈಗಿನವರಿಗೆ ಹಗೇವು ಎಂದರೆ ಬಿಡಿಸಿಯೇ ಹೇಳಬೇಕು. ಜೋಳ ತುಂಬಿಡುವ ನೆಲದ ಗುಂಡಿ ಅದು. ಎರಡಾಳು ಆಳ, ಒಳಗೆ ಕೋಣೆಯಷ್ಟು ಅಗಲ, ಬಾಯಿ ಮಾತ್ರ ಒಬ್ಬ ಮನುಷ್ಯ ಭುಜ ಓರೆ ಮಾಡಿ ಇಳಿಯುವಷ್ಟು. ಗೋಡೆಗೆ ಹುಲ್ಲು ಕೊಟ್ಟು, ಜೋಳ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಾನುಗಟ್ಟಲೆ ಕಾಳು ಕೆಡುವುದಿಲ್ಲ, ಹುಳ ಬೀಳುವುದಿಲ್ಲ. ಹುಳ ಯಾಕೆ ಬೀಳುವುದಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ಹುಳಕ್ಕೂ ಉಸಿರಾಡಲು ಗಾಳಿ ಇರುವುದಿಲ್ಲ. ಹಳೇ ಪೇಟೆಯ ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಅಂಥ ಹಗೇವು ಎರಡಿದ್ದವು.

ಅವುಗಳಿಗೆ ಇಳಿಯುತ್ತಿದ್ದವನು ಒಬ್ಬನೇ. ಮಾಯಕೊಂಡದ ಕಡೆಯವನು. ನಾನು ಹುಟ್ಟುವ ಮೊದಲಿಂದ ನಮ್ಮ ಮನೆಯ ಕೆಲಸದಲ್ಲಿದ್ದ. ರಕ್ತಸಂಬಂಧವಿಲ್ಲ, ಆದರೆ ನಾನು ಮಾಮ ಎಂದೇ ಕರೆಯುತ್ತಿದ್ದೆ. ನನಗೆ ಏಳು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ಶಾಲೆಗೆ ಕರೆದುಕೊಂಡು ಹೋಗಿ ಬಿಡುತ್ತಿದ್ದವನು, ಜ್ವರ ಬಂದರೆ ಹೆಗಲ ಮೇಲೆ ಹೊತ್ತು ಡಾಕ್ಟರ ಬಳಿ ಒಯ್ಯುತ್ತಿದ್ದವನು ಅವನೇ. ಸಣಕಲು ಮೈ, ಕಡಿಮೆ ಮಾತು.

ಹಗೇವಿನ ವಿಷಯದಲ್ಲಿ ಮಾತ್ರ ಅವನದು ಒಂದು ಕಟ್ಟುನಿಟ್ಟು ಇತ್ತು. ಚಪ್ಪಡಿ ಸರಿಸಿ ಒಂದು ದಿನ ಬಿಟ್ಟು, ಮಾರನೆಯ ದಿನ ಲಾಟೀನು ಹಚ್ಚಿ ಹಗ್ಗಕ್ಕೆ ಕಟ್ಟಿ ಕಾಳಿನ ತನಕ ಇಳಿಸುತ್ತಿದ್ದ. ಆಮೇಲೆ ಬಾಯಿಯ ಹತ್ತಿರ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಅದು ಅಗಿದು ಮುಗಿಯುವ ತನಕ ದೀಪ ಉರಿಯುತ್ತಿದ್ದರೆ ಇಳಿಯುತ್ತಿದ್ದ. ಆರಿದರೆ ಟವೆಲು ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗಿಬಿಡುತ್ತಿದ್ದ. ಊರಿನಲ್ಲಿ ಯಾರಿಗೂ ತಗ್ಗದ ಅಪ್ಪ ಕೂಡ ಆ ಹೊತ್ತಿನಲ್ಲಿ ಅವನಿಗೆ ಎದುರಾಡುತ್ತಿರಲಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಹತ್ತೊಂಬತ್ತು. ಹರಿಹರದ ಹುಡುಗ ಗೊತ್ತಾದ. ಅಲ್ಲಿನ ಒಂದು ಯಂತ್ರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ನನ್ನನ್ನು ನೋಡಲು ಬಂದ ದಿನ ಅಪ್ಪ ಅವನನ್ನು ಏನು ಕೆಲಸ, ಎಷ್ಟು ಹೊತ್ತು ಕೆಲಸ ಎಂದು ಪೊಲೀಸರು ಕೇಳಿದಂತೆ ಕೇಳಿದ. ಎಣ್ಣೆ ತುಂಬುವ ದೊಡ್ಡ ತೊಟ್ಟಿಗಳಿಗೆ ಇಳಿದು ತೊಳೆಯುವುದು, ಒಳಗಿನ ಕೊಳವೆ ರಿಪೇರಿ ಮಾಡುವುದೂ ತನ್ನ ಕೆಲಸದಲ್ಲಿ ಸೇರಿದೆ ಎಂದು ಅವನು ಹೇಳಿದ್ದು ಬಾಗಿಲ ಹಿಂದೆ ನಿಂತಿದ್ದ ನನ್ನ ಕಿವಿಗೆ ಬಿತ್ತು. ನನ್ನನ್ನು ಅವನು ಕೇಳಿದ್ದು ಒಂದೇ, ಓದುತ್ತೀರಾ ಅಂತ. ಕಿರಾಣಿ ಕಟ್ಟಿ ಕೊಟ್ಟ ಪೇಪರನ್ನೂ ಬಿಡುವುದಿಲ್ಲ ಎಂದೆ. ಅಜ್ಜಿ ತೊಡೆ ಚಿವುಟಿದಳು.

ನಮ್ಮ ಮನೆಯ ಪದ್ಧತಿಯಲ್ಲಿ ಬೀಗರಿಗೆ ಬಡಿಸುವ ಮೊದಲ ರೊಟ್ಟಿ ನಮ್ಮದೇ ಹಗೇವಿನ ಜೋಳದ್ದಾಗಬೇಕು. ದಾವಣಗೆರೆ ಪೇಟೆಯಲ್ಲಿ ಜೋಳಕ್ಕೇನೂ ಬರವಿರಲಿಲ್ಲ. ಅಪ್ಪನ ಅಂಗಡಿಯಲ್ಲೇ ಮೂಟೆ ಮೂಟೆ ಬಿದ್ದಿತ್ತು. ಆದರೆ ಕೊಂಡ ಜೋಳದ ರೊಟ್ಟಿ ಬಡಿಸಿದರೆ ಈ ಮನೆಯ ಹಗೇವು ಬರಿದಾಗಿದೆ ಎಂದು ಜನ ಆಡಿಕೊಳ್ಳುತ್ತಾರಂತೆ. ಮದುವೆ ಚಪ್ಪರದ ಹಂದರಗಂಬ ನೆಡುವ ಶಾಸ್ತ್ರ, ಬೇರೆ ಒಳ್ಳೆಯ ದಿನವಿಲ್ಲವೆಂದು, ಆ ಸಲ ಹನ್ನೆರಡು ದಿನ ಮುಂಚೆಯೇ ಆಗಿಹೋಗಿತ್ತು. ಹಿಂದಿನ ವರ್ಷ ಅರ್ಧ ತೆಗೆದು ಮುಚ್ಚಿದ್ದ ಹಗೇವನ್ನು ತೆರೆಯುವ ಮಾತು ಬಂದದ್ದು ಅದರ ಮಾರನೆಯ ದಿನ.

ಚಪ್ಪಡಿ ಸರಿಸಿ, ಒಂದು ದಿನ ಬಿಟ್ಟು ಮಾಮ ಲಾಟೀನು ಕೇಳಿದ. ಅಜ್ಜಿ ಕೊಡಲಿಲ್ಲ. ಹಂದರಗಂಬ ನೆಟ್ಟ ಮೇಲೆ ಆ ಮನೆಯಲ್ಲಿ ಹಚ್ಚಿದ ದೀಪ ಆರಬಾರದು ಎಂದಳು. ಬೇಸಿಗೆಯ ಅಲುಗದ ಗಾಳಿಯಲ್ಲಿ ಅರ್ಧ ಖಾಲಿಯಾದ ಹಗೇವಿನಲ್ಲಿ ದೀಪ ನಿಲ್ಲುವುದು ಅನುಮಾನ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಇಳಿಸಿ, ಆರಿಸಿ, ತಾಯಿಯಿಲ್ಲದ ಹುಡುಗಿಯ ತಲೆಗೆ ಅಪಶಕುನ ಕಟ್ಟುವುದೇ ಎಂದು ಅವಳು ಕಣ್ಣಲ್ಲಿ ನೀರು ತಂದಳು. ಅಪ್ಪ ಮಾಮನ ಮುಖ ನೋಡಿದ, ಅಜ್ಜಿಯ ಮುಖ ನೋಡಿದ.

ಆಗ ಬಾಯಿ ಹಾಕಿದವಳು ನಾನು. ಮುಖವಾಡ ಇದೆಯಲ್ಲ, ಅಷ್ಟು ಖಾರದಲ್ಲೇ ನನಗೆ ಏನೂ ಆಗಿಲ್ಲ, ಅದನ್ನು ಹಾಕಿಕೊಂಡು ಇಳಿದರಾಯಿತು ಎಂದೆ. ಎಲ್ಲರಿಗೂ ಹಾಯೆನಿಸಿತು. ಅಪ್ಪನಂತೂ ತಾನು ಕೊಂಡ ಸಾಮಾನು ಇಷ್ಟು ವರ್ಷಕ್ಕೆ ಕೆಲಸಕ್ಕೆ ಬಂತೆಂದು ಅಜ್ಜಿಯ ಕಡೆ ಗತ್ತಿನಿಂದ ನೋಡಿದ. ಮಾಮ ಆ ರಬ್ಬರನ್ನು ಕೈಯಲ್ಲಿ ತಿರುವಿ ತಿರುವಿ ನೋಡಿ ತಲೆಗೆ ಏರಿಸಿಕೊಂಡ. ಹಿಂದಿನ ಪಟ್ಟಿ ಬಿಗಿ ಮಾಡಿದವಳೂ ನಾನೇ.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಒಂದು ಬುಟ್ಟಿಯೂ ಮೇಲೆ ಬರಲಿಲ್ಲ. ಕೆಳಗಿನಿಂದ ಏನೋ ದೊಪ್ಪನೆ ಬಿದ್ದ ಸದ್ದಾಯಿತು, ಹಗ್ಗ ಸಡಿಲವಾಯಿತು. ಅಪ್ಪ ಕೂಗಿದ, ಉತ್ತರವಿಲ್ಲ. ಅಪ್ಪ ಮತ್ತು ಅಂಗಡಿಯ ಇಬ್ಬರು ಹಮಾಲರು ಹಗ್ಗ ಜಗ್ಗಿದರು. ಬಾಯಿಯ ಹತ್ತಿರ ಮಾಮನ ಭುಜ ಕಲ್ಲಿಗೆ ಸಿಕ್ಕಿಕೊಂಡಿತು. ಒಬ್ಬ ಹಮಾಲ ಹೊಟ್ಟೆ ಮೇಲೆ ಮಲಗಿ, ಕೈ ಇಳಿಬಿಟ್ಟು, ಭುಜ ತಿರುಗಿಸಿ ಎಳೆದ. ಮುಖವಾಡ ಕಿತ್ತಾಗ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನೀರು ಎರಚಿದರು, ಎದೆ ಒತ್ತಿದರು, ಮೊರದಿಂದ ಗಾಳಿ ಹಾಕಿದರು. ಒಂದು ಸಲ ಗೊರಕೆಯಂತೆ ಸದ್ದು ಬಂದು ಉಸಿರು ತಿರುಗಿತು. ನನ್ನ ಮಾತಿಗೆ ಒಂದು ಜೀವ ಹೋಗಿಬಿಡುತ್ತಿತ್ತು ಎಂಬುದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

ದೇವರು ದೊಡ್ಡವನು ಎಂದರು ಎಲ್ಲರೂ. ಮಾಮ ನಾಲ್ಕು ದಿನ ತಲೆನೋವೆಂದು ಮಲಗಿದ. ಐದನೆಯ ದಿನ ಬಂದು ಹಿತ್ತಲ ಕಸ ಗುಡಿಸತೊಡಗಿದ. ಅಷ್ಟರಲ್ಲಿ ಅಪ್ಪ ತನ್ನದೇ ಒಂದು ತೀರ್ಮಾನಕ್ಕೆ ಬಂದಿದ್ದ. ಡಬ್ಬಿಯೊಳಗಿನ ಇದ್ದಿಲು ಹಳೆಯದಾಗಿದೆ, ಅದಕ್ಕೇ ಹೀಗಾಯಿತು, ಹೊಸ ಇದ್ದಿಲು ತುಂಬಿದರೆ ಸರಿಹೋಗುತ್ತದೆ. ಸೋಮವಾರ ಮತ್ತೆ ಇಳಿಯುವುದೆಂದು ಗೊತ್ತು ಮಾಡಿದ. ಮಾಮ ಹೂಂ ಎಂದ. ಅವನು ಹೂಂ ಎಂದದ್ದು ಕೇಳಿ ನನಗೆ ಮೈ ಉರಿಯಿತು. ಅವತ್ತೇ ನಾನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ, ಮಾಮ ಆ ಡಬ್ಬಿ ನಂಬಿಕೊಂಡು ಇನ್ನೊಂದು ಸಲ ಇಳಿಯಬಾರದು, ನನ್ನ ಮದುವೆ ನಿಂತರೂ ಸರಿ.

ಆದರೆ ಹಟ ಮಾಡಲು ಕಾರಣ ಬೇಕು. ಖಾರಕ್ಕೆ ನಡೆದದ್ದು ಹಗೇವಿಗೆ ಯಾಕೆ ನಡೆಯಲಿಲ್ಲ? ಅದು ನನಗೂ ಗೊತ್ತಿರಲಿಲ್ಲ.

ಹಿತ್ತಲಲ್ಲಿ ಆಗ ಕಲಾಯಿ ಸಾಬರು ಮದುವೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ನೆಲದಲ್ಲಿ ಸಣ್ಣ ಗುಂಡಿ ತೋಡಿ, ಇದ್ದಿಲು ತುಂಬಿ, ಆಡಿನ ತೊಗಲಿನ ಜೋಡಿ ತಿದಿಯಿಂದ ಗಾಳಿ ಊದುತ್ತ, ಮೂಗಿಗೆ ಅರಿವೆ ಕಟ್ಟಿಕೊಂಡು ಕೂತಿದ್ದರು. ಅಪ್ಪ ಹೊಸ ಇದ್ದಿಲು ಕೇಳಿದ್ದು ಅವರನ್ನೇ. ನಾನು ಹೋಗಿ ಅವರನ್ನು ಕೇಳಿದೆ, ಇದ್ದಿಲು ಬದಲಿಸಿದರೆ ಆದೀತೇ ಎಂದು. ಅವರು ಮೂಗಿನ ಅರಿವೆ ಇಳಿಸಿ, ಈ ಅರಿವೆ ಕಲಾಯಿಗೆ ಹಾಕುವ ನವಸಾಗರದ ಹೊಗೆ ತಡೆಯುತ್ತದೆ, ಗಾಳಿ ಹುಟ್ಟಿಸುವುದಿಲ್ಲ ಎಂದರು. ತಾವು ಪಾತ್ರೆ ಬಲ್ಲವರೇ ಹೊರತು ಮಿಲಿಟರಿ ಸಾಮಾನು ಬಲ್ಲವರಲ್ಲ, ಬಲ್ಲವರನ್ನು ಕೇಳು ಬೇಟಿ ಎಂದೂ ಹೇಳಿದರು.

ಬಲ್ಲವನು ನನಗೆ ಒಬ್ಬನೇ ಗೊತ್ತಿದ್ದ, ತೊಟ್ಟಿಗೆ ಇಳಿಯುವ ಹರಿಹರದ ಹುಡುಗ. ಅವನಿಗೆ ಕಾಗದ ಬರೆಯುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಮದುವೆಗೆ ಮೊದಲು ಹುಡುಗಿ ಹುಡುಗನಿಗೆ ಬರೆದಳೆಂದರೆ ಸಂಬಂಧ ಮುರಿಯಲು ಅದೇ ಸಾಕಿತ್ತು. ಆದರೂ ಬರೆದೆ. ಕುಶಲವೆಂದು ಕೂಡ ಕೇಳಲಿಲ್ಲ. ಆದದ್ದಿಷ್ಟು, ಮುಖವಾಡ ಇಂಥದ್ದು, ನಿಮ್ಮ ಕಾರ್ಖಾನೆಯಲ್ಲಿ ತೊಟ್ಟಿಗೆ ಇಳಿಯುವವರು ಏನು ಹಾಕಿಕೊಳ್ಳುತ್ತಾರೆ, ಸೋಮವಾರದೊಳಗೆ ತಿಳಿಸಬೇಕು. ಸಾಬರೇ ಅದನ್ನು ಅಂಚೆ ಡಬ್ಬಿಗೆ ಹಾಕಿದರು.

ಶನಿವಾರ ಉತ್ತರ ಬರಲಿಲ್ಲ. ಭಾನುವಾರ ಅಂಚೆಯೇ ಇಲ್ಲ. ಸೋಮವಾರ ಬೆಳಿಗ್ಗೆ ಮಾಮ ಚಪ್ಪಡಿ ಸರಿಸಿದ ಹಗೇವಿನ ಪಕ್ಕ ಹಗ್ಗ ಬಿಚ್ಚುತ್ತಿದ್ದ. ಆಗ ಹರಿಹರದಿಂದ ಬೀಗರು ಬಂದರು. ನನ್ನ ಮಾವನವರಾಗುವವರು ಒಬ್ಬರೇ, ಬೆಳಗಿನ ರೈಲಿಗೆ, ಹೆಗಲ ಮೇಲೆ ಒಂದು ದೊಡ್ಡ ಗೋಣಿಗಂಟು. ಅಪ್ಪ ಓಡಿಹೋಗಿ, "ಬರ್ರಿ ಬೀಗರೆ, ಕೂಡ್ರಿ, ಹೇಳಿ ಕಳಿಸಿದ್ರೆ ಗಾಡಿ ಕಳಿಸ್ತಿದ್ನಲ್ರಿ" ಎಂದ. ಅವರು ಗಂಟು ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಂಡರು. ಮದುವೆ ಹೆಣ್ಣಿಗೆ ಸೀರೆ ಕಳಿಸುವುದು ತಮಗೆ ಗೊತ್ತು, ತಮ್ಮ ಮಗ ಇದನ್ನು ಕಳಿಸಿದ್ದಾನೆ, ಹೆಣ್ಣಿನ ಕೈಗೇ ಕೊಡಬೇಕಂತೆ ಎಂದರು.

ಗಂಟಿನಲ್ಲಿ ಸುರುಳಿ ಸುತ್ತಿದ ರಬ್ಬರಿನ ಕೊಳವೆ ಇತ್ತು. ಮಣಿಕಟ್ಟಿನಷ್ಟು ದಪ್ಪ, ಒಳಗೆ ತಂತಿಯ ಸುರುಳಿ ಕೊಟ್ಟದ್ದು, ಹಳೆಯದಾಗಿ ಅಲ್ಲಲ್ಲಿ ತೇಪೆ ಬಿದ್ದದ್ದು. ಜೊತೆಗೆ ಮಡಿಚಿದ ಕಾಗದ. ಅಪ್ಪ ಅದನ್ನು ನನ್ನ ಕೈಯಿಂದ ಕಸಿದು ಗಟ್ಟಿಯಾಗಿ ಓದತೊಡಗಿದ. ಎಂಥದೋ ಪ್ರೇಮದ ಮಾತು ಸಿಕ್ಕೀತೆಂದು ಹುಬ್ಬು ಗಂಟಿಕ್ಕಿಕೊಂಡಿದ್ದ, ಸಿಕ್ಕದ್ದು ಬೇರೆ. ಡಬ್ಬಿಯ ಮುಖವಾಡ ಒಂದು ಜರಡಿ, ಧೂಳು ಹೊಗೆ ಸೋಸುತ್ತದೆ ಅಷ್ಟೇ. ಹಗೇವಿನ ತಳದಲ್ಲಿ ಸೋಸಲು ಒಳ್ಳೆಯ ಗಾಳಿಯೇ ಇರುವುದಿಲ್ಲ. ಇದ್ದಿಲು ಎಷ್ಟು ಸಲ ಬದಲಿಸಿದರೂ ಇಳಿದವರು ಬದುಕುವುದಿಲ್ಲ. ಡಬ್ಬಿ ತಿರುಪಿ ತೆಗೆದು ಆ ಜಾಗಕ್ಕೆ ಈ ಕೊಳವೆ ಬಿಗಿಯಬೇಕು, ಮೇಲಿನಿಂದ ತಿದಿಯಲ್ಲಿ ಗಾಳಿ ಊದುತ್ತಲೇ ಇರಬೇಕು. ತಿದಿ ಹೊಗೆಯ ಹತ್ತಿರ ಇರಕೂಡದು, ಹಗೇವಿನ ಬಾಯಿಂದ ದೂರ, ಗಾಳಿ ಬೀಸುವ ಕಡೆಗಿರಬೇಕು. ಹಗ್ಗ ಒಮ್ಮೆ ಜಗ್ಗಿದರೆ ಇನ್ನೂ ಗಾಳಿ, ಎರಡು ಸಲ ಜಗ್ಗಿದರೆ ಮೇಲಕ್ಕೆ ಎಳೆಯಿರಿ. ಏನೇ ಆಗಲಿ, ದೀಪ ಇಳಿಸಿ ನೋಡದೆ ಯಾರನ್ನೂ ಇಳಿಸಬೇಡಿ. ಕಾಗದ ಅಲ್ಲಿಗೇ ಮುಗಿದಿತ್ತು.

ಅಪ್ಪ ಕೆಂಡವಾದ. ಕಾಗದದಲ್ಲಿ ಬರೆದದ್ದಕ್ಕಲ್ಲ, ನಾನು ಕಾಗದ ಬರೆದಿದ್ದೆ ಎಂಬುದಕ್ಕೆ. ಬೀಗರ ಮುಂದೆ ಮಾನ ಹೋಯಿತೆಂದ. ಅಜ್ಜಿಗೆ ಕೇಳಿಸಿದ್ದು ದೀಪ ಎಂಬ ಒಂದೇ ಮಾತು. ಆಗುವುದಿಲ್ಲ ಎಂದಳು. ಹುಡುಗ ಓದಿದವನಿರಬಹುದು, ಆದರೆ ಹಂದರದ ಮನೆಯ ರೀತಿ ಅವನಿಗೇನು ಗೊತ್ತು? ಅಪ್ಪ ಬೀಗರ ಕಡೆ ತಿರುಗಿ, ಮಕ್ಕಳಾಟಿಕೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎನ್ನುತ್ತಿದ್ದ. ಮಾಮ ಯಾರ ಗೊಡವೆಯೂ ಬೇಡವೆಂಬಂತೆ, ಹೊಸ ಇದ್ದಿಲು ತುಂಬಿದ ಮುಖವಾಡ ಎತ್ತಿಕೊಂಡು ಹಗೇವಿನ ಕಡೆ ನಡೆದ.

ನಾನು ಒಳಗೆ ಹೋಗಿ ಲಾಟೀನು ತಂದೆ. ಎಲ್ಲರ ಎದುರಿಗೆ ಹಚ್ಚಿದೆ. ಅಜ್ಜಿ ಬಂದು ಕೈ ಹಿಡಿದುಕೊಂಡಳು. ಅವಳ ಕೈ ಬಿಡಿಸಿದೆ. ಅವಳ ಮೇಲೆ ನಾನು ಬಲ ತೋರಿಸಿದ್ದು ಅದೊಂದೇ ಸಲ, ಅದು ಇವತ್ತಿಗೂ ನೋಯುತ್ತದೆ. ಹಗ್ಗದ ತುದಿಗೆ ಕಟ್ಟಿ ಇಳಿಸಿದೆ. ಬಾಯಿ ದಾಟಿತು, ಗೋಡೆಯ ಹುಲ್ಲು ಹಳದಿಯಾಗಿ ಕಂಡಿತು. ಇನ್ನೊಂದು ಮೊಳ ಬಿಟ್ಟೆ. ಜ್ವಾಲೆ ಸಣ್ಣದಾಗಿ, ನೀಲಿಯಾಗಿ, ಆರಿತು. ಊದಿ ಆರಿಸಿದ್ದರೆ ಹೊಗೆಯಾದರೂ ಎದ್ದು ಕಾಣುತ್ತಿತ್ತು. ಇದು ಸದ್ದಿಲ್ಲದೆ ಆರಿತು. ಮೇಲೆ ಎಳೆದು ಮತ್ತೆ ಹಚ್ಚಿ ಇಳಿಸಿದೆ, ಅಲ್ಲಿಯೇ ಆರಿತು. ಮೂರನೆಯ ಸಲವೂ ಅಷ್ಟೇ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಎಲ್ಲರೂ ಬೀಗರ ಮುಖ ನೋಡುತ್ತಿದ್ದರು.

ನಾನು ಅಪ್ಪನಿಗೆ ಹೇಳಿದೆ, "ಆರಿದ್ದು ನನ್ ಕೈಯಾಗಿನ ದೀಪ. ಕೆಟ್ಟದ್ದು ಬರೋದಿದ್ರೆ ನನಗ ಬರ್ಲಿ. ನನ್ ಲಗ್ನ ನಿಂತ್ರೆ ನಾನು ಬದುಕ್ತೀನಿ. ಆ ಡಬ್ಬಿ ಹಾಕ್ಕೊಂಡು ಇಳಿದ್ರೆ ಮಾಮ ಬದುಕಲ್ಲ."

ಬೀಗರು ಎದ್ದರು. ಹೊರಟೇಬಿಟ್ಟರು ಎಂದುಕೊಂಡೆ. ಅವರು ಗೋಣಿಗಂಟಿನ ಹತ್ತಿರ ಹೋಗಿ ಕೂತು ಕೊಳವೆಯ ಸುರುಳಿ ಬಿಚ್ಚತೊಡಗಿದರು. ತಿದಿ ಯಾರ ಹತ್ತಿರ ಇದೆ ಎಂದು ಕೇಳಿದರು.

ಕಲಾಯಿ ಸಾಬರು ತಮ್ಮ ಜೋಡಿ ತಿದಿ ತಂದರು. ಒಳಗಿನ ಬೂದಿಯೆಲ್ಲ ಹೋಗುವ ತನಕ ಊದಿ ಊದಿ ಝಾಡಿಸಿದರು, ಗಾಳಿ ಸೇದುವ ಬಾಯಿಗೆ ಒದ್ದೆ ಅರಿವೆ ಕಟ್ಟಿದರು. ಮುಖವಾಡದ ಡಬ್ಬಿ ತೆಗೆದು ಕೊಳವೆ ತುರುಕಿ, ಸೈಕಲ್ಲಿನ ಹಳೇ ಟ್ಯೂಬು ಸೀಳಿ ಬಿಗಿಯಾಗಿ ಸುತ್ತಿ, ಮೇಲೆ ಹುರಿ ಕಟ್ಟಿದರು. ಇನ್ನೊಂದು ತುದಿ ತಿದಿಯ ಮೂತಿಗೆ. ಮೊದಲು ನಾನೇ ಹಾಕಿಕೊಂಡು ನೋಡಿದೆ. ಸಾಬರು ಒತ್ತಿದಾಗ ಆಡಿನ ತೊಗಲಿನ ವಾಸನೆ, ಒದ್ದೆ ಅರಿವೆಯ ತಂಪು, ಅದರ ಹಿಂದೆ ಗಾಳಿ. ಸೋರುತ್ತದೆಯೋ ನೋಡಲು ಅವರು ಒತ್ತುವುದು ನಿಲ್ಲಿಸಿ, ತಿದಿಯಿಂದ ಕೊಳವೆ ಬಿಡಿಸಿ, ಅದರ ಬಾಯಿ ಅಂಗೈಯಿಂದ ಮುಚ್ಚಿದರು. ರಬ್ಬರು ಕೆನ್ನೆಗೆ ಕಚ್ಚಿಕೊಂಡಿತು. ಎಳೆದರೂ ಏನೂ ಬರಲಿಲ್ಲ. ಎರಡು ಕೈಯಿಂದ ಕಿತ್ತೆಸೆದೆ. ಹಗೇವಿನ ತಳದಲ್ಲಿ ಮಾಮನಿಗೆ ಎಳೆದಷ್ಟೂ ಉಸಿರು ಬಂದಿತ್ತು, ಆ ಉಸಿರಿನಲ್ಲಿ ಜೀವ ಮಾತ್ರ ಇರಲಿಲ್ಲ. ನನ್ನ ಹಾಗೆ ಕಿತ್ತೆಸೆಯಬೇಕೆಂದು ಕೂಡ ಅವನಿಗೆ ಹೊಳೆದಿರಲಿಕ್ಕಿಲ್ಲ.

ನಾನು ಕಿತ್ತೆಸೆದದ್ದು ನೋಡಿದ ಮೇಲೆ ಮಾಮ ಹಾಕಿಕೊಳ್ಳಲು ಒಪ್ಪಲಿಲ್ಲ. ಆ ರಬ್ಬರು ಮುಖದ ಹತ್ತಿರ ತಂದ ಕೂಡಲೇ ಅದನ್ನು ಕೆಳಗಿಟ್ಟುಬಿಟ್ಟ. ಬರಿ ಮುಖದಲ್ಲೇ ಉಸಿರು ಬಿಗಿಹಿಡಿದು ಇಳಿಯುತ್ತೇನೆ, ಇದು ಬೇಡ ಎಂದ. ಅಪ್ಪ ಸಮಾಧಾನ ಹೇಳಿದ, ಸಾಬರು ಹೇಳಿದರು. ಅವನು ನೆಲ ನೋಡುತ್ತ ಬೇಡ ಬೇಡ ಎಂದ.

ನಾನು ಅವನ ಮುಂದೆ ಕೂತೆ. "ಮಾಮ, ಅವತ್ತು ಅದನ್ನ ಹಾಕ್ಕೋ ಅಂದೋಳು ನಾನು. ಪಟ್ಟಿ ಬಿಗಿ ಮಾಡಿದೋಳೂ ನಾನು. ನನಗ ಏನೂ ಗೊತ್ತಿರ್ಲಿಲ್ಲ, ಗೊತ್ತಿದ್ದೋರ ಹಂಗ ಮಾತಾಡ್ದೆ. ತಪ್ಪು ನಂದು."

ನಮ್ಮ ಮನೆಯಲ್ಲಿ ಆಳಿನ ಮುಂದೆ ಯಾರೂ ಅಂಥ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ಕೆಮ್ಮಿದ. ಮಾಮ ತಿದಿಯ ಕಡೆ ತಿರುಗಿದ.

"ತಿದಿ ಯಾರು ಒತ್ತೋರು?" ಎಂದ.

ಸಾಬರು ಎಂದೆ.

"ಸಾಬ್ರು ಒಳ್ಳೇರು. ಆದ್ರೂ ನೀನು ಒತ್ತು. ನಾನು ಮ್ಯಾಲೆ ಬರೋಗಂಟ ಬ್ಯಾರೆ ಯಾರೂ ಮುಟ್ಟಬ್ಯಾಡ್ರಿ."

ಬೇರೆ ಯಾರಿಗೂ ನಾನು ಮುಟ್ಟಲು ಬಿಡಲಿಲ್ಲ. ಹಸಿರು ಬಳೆಗಳನ್ನು ಮೊಣಕೈ ತನಕ ಸರಿಸಿ ಅರಿವೆ ಸುತ್ತಿಕೊಂಡೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಗಾಳಿ ಬೀಸುವ ಕಡೆ ತಿದಿ ಇಟ್ಟುಕೊಂಡು ಕೂತೆ. ಎಡಗೈ ಎತ್ತುವಾಗ ಬಲಗೈ ಒತ್ತಬೇಕು, ಬೆರಳು ಬಿಚ್ಚಿ ಗಾಳಿ ಒಳಗೆ ಬಿಟ್ಟು, ಮತ್ತೆ ಬೆರಳು ಮುಚ್ಚಿ ಒತ್ತಬೇಕು. ಸಾಬರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಲಯ ತಪ್ಪಿದಾಗ ತೊಡೆ ತಟ್ಟಿ ತೋರಿಸುತ್ತಿದ್ದರು. ಅಪ್ಪ ಮತ್ತು ಹಮಾಲರು ಹಗ್ಗ ಹಿಡಿದರು. ಬೀಗರು ಹಗೇವಿನ ಬಾಯಿಯ ಹತ್ತಿರ ಬಿಳಿ ಧೋತರ ಮಣ್ಣು ಮಾಡಿಕೊಂಡು, ಕೊಳವೆ ಕಲ್ಲಿಗೆ ಸಿಕ್ಕಿ ಮಡಚಿಕೊಳ್ಳದಂತೆ ಎರಡು ಕೈಯಲ್ಲಿ ಎತ್ತಿ ಹಿಡಿದು ಕೂತರು. ಮಾಮ ಇಳಿದ.

ಮೊದಲ ಬುಟ್ಟಿ ಬರುವ ತನಕ ನಾನು ಉಸಿರಾಡಿದೆನೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಒಂದಾದ ಮೇಲೊಂದು ಬಂದವು. ಹಗೇವಿನ ಜೋಳದ ಹುಳಿ ವಾಸನೆ ಬಯಲೆಲ್ಲ ತುಂಬಿತು. ಬಿಸಿಲು ಏರಿತು. ನನ್ನ ರಟ್ಟೆ ಉರಿಯತೊಡಗಿತು, ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಒಂದು ಸಲ ಹಗ್ಗ ಒಮ್ಮೆ ಅಲುಗಿತು. ಅಪ್ಪ ನನ್ನ ಕಡೆ ತಿರುಗಿ ಗಾಳಿ ಗಾಳಿ ಎಂದ. ನಾನು ಹಲ್ಲು ಕಚ್ಚಿ ಎರಡರಷ್ಟು ಒತ್ತಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಬುಟ್ಟಿ ಬಂತು. ಹಮಾಲನೊಬ್ಬ ತಾನು ಒತ್ತುತ್ತೇನೆ ಎಂದು ಬಂದಾಗ ಅವನ ಮೇಲೆ ರೇಗಿದೆ. ಆಗ ನನ್ನ ಬಾಯಿಗೆ ಯಾರೋ ತಂಬಿಗೆ ಹಿಡಿದರು. ಕೈ ಬಿಡದೆ ಕುಡಿದು ತಲೆ ಎತ್ತಿದರೆ ಅಜ್ಜಿ. ಅಳು ನಿಂತಿತ್ತು. ಸೆರಗಿನಿಂದ ನನ್ನ ಹಣೆ ಒರೆಸಿ, ಪಕ್ಕದಲ್ಲೇ ಕೂತಳು.

ಸಾಕಷ್ಟು ಜೋಳ ಬಂದಿತ್ತು. ಹಗ್ಗ ಎರಡು ಸಲ ಅಲುಗಿತು. ಎಳೆದರು. ಮಾಮನ ತಲೆ ಕಂಡಿತು, ಭುಜ ಓರೆಯಾಯಿತು, ಅವನೇ ಮೊಣಕೈ ಊರಿ ಹೊರಗೆ ಬಂದು ಕಲ್ಲಿನ ಮೇಲೆ ಕೂತ. ಅವನು ಮುಖವಾಡ ತೆಗೆಯುವ ತನಕ ನಾನು ತಿದಿ ಬಿಡಲಿಲ್ಲ. ಬೆವರಿನಲ್ಲಿ ತೊಯ್ದ ಮುಖ, ತುಟಿ ಕೆಂಪಗಿತ್ತು. ನಕ್ಕ. ಬೀಗರು ಕೊಳವೆ ಕೆಳಗಿಟ್ಟು ಧೋತರ ಕೊಡವಿಕೊಂಡರು.

ನನಗೆ ಏಳಲು ಆಗಲಿಲ್ಲ. ಕೂತಲ್ಲಿಂದಲೇ, ಇಷ್ಟು ದಿನ ಎದೆಯಲ್ಲಿ ಕುಟುಕುತ್ತಿದ್ದದ್ದನ್ನು ಕೇಳಿದೆ. ಹಗೇವಿನ ಗಾಳಿ ಈ ಊರಿನಲ್ಲಿ ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಅಪ್ಪನಿಗೂ ಬಗ್ಗದೆ ದೀಪ ಆರಿದರೆ ಮನೆಗೆ ಹೋಗುತ್ತಿದ್ದವನು. ಅವತ್ತು ದೀಪ ಇಳಿಸದೆ ಯಾಕೆ ಇಳಿದ? ನನ್ನ ಮಾತು ಅಷ್ಟು ನಂಬಿದನೇ?

ಮಾಮ ಟವೆಲಿನಿಂದ ಮುಖ ಒರೆಸಿಕೊಂಡ.

"ನಂಬಿರ್ಲಿಲ್ಲ ಯವ್ವಾ," ಎಂದ. "ಕೆಳಗ ಗಾಳಿ ಇಲ್ಲ ಅಂತ ಚಪ್ಪಡಿ ಸರಿಸಿದಾಗ್ಲೇ ಗೊತ್ತಾಗಿತ್ತು. ದೀಪ ಇಳಿಸಿದ್ರೆ ಆರ್ತಿತ್ತು. ನಿನ್ ಲಗ್ನದ ದೀಪ ನನ್ ಕೈಯಾಗ ಆರೋದು ಬ್ಯಾಡ ಅನಿಸ್ತು. ಅದಕ್ಕ ಇಳಿದೆ."

ಎಷ್ಟು ಸಲೀಸಾಗಿ ಹೇಳಿದ. ಅಜ್ಜಿ ತಲೆ ತಗ್ಗಿಸಿದಳು, ಅಪ್ಪ ಆ ಕಡೆ ತಿರುಗಿ ನಿಂತ. ನನಗೆ ಅಳು ಬಂತು, ಅಳುವಿಗಿಂತ ಮುಂಚೆ ಸಿಟ್ಟು ಬಂತು. ಮಾವನವರಾಗುವವರು ಅಲ್ಲೇ ನಿಂತಿದ್ದಾರೆ ಎಂಬುದೂ ಮರೆತು, ತಂದೆಯಷ್ಟು ವಯಸ್ಸಿನವನನ್ನು ಬಾಯಿಗೆ ಬಂದಂತೆ ಬೈದೆ. ಮೂರ್ಖ ಎಂದೆ. ನಿನ್ನ ಹೆಣ ದಾಟಿಕೊಂಡು ಹೋಗಿ ನಾನು ಯಾವ ಹಸೆ ಮೇಲೆ ಕೂರಬೇಕಿತ್ತು ಎಂದೆ. ಅವನು ತಲೆ ಅಲ್ಲಾಡಿಸುತ್ತ ಕೇಳಿಸಿಕೊಂಡ. ಬೊಬ್ಬೆ ಒಡೆದ ಅಂಗೈಯಲ್ಲಿ ಅವನ ಎರಡೂ ಕೈ ಹಿಡಿದುಕೊಂಡು ಕೊನೆಗೆ ಹೇಳಿದೆ, "ಇನ್ನೊಂದ್ಸಲ ಯಾರ ಲಗ್ನಕ್ಕೂ ಸಾಯಕ್ಕ ಹೋಗಬ್ಯಾಡ ಮಾಮ. ನನ್ನ ಮೇಲೆ ಆಣೆ ಮಾಡು."

ಅವನು ಆಣೆ ಮಾಡಿದ.